ಗಾಂಧಿ ಕ್ಲಾಸಿನಿಂದ: ಬೆರಳ ತುದಿಯ ಗೆರೆ

ಪುಟ್ಟಣ್ಣ ಕಣಗಾಲರ ‘ಉಪಾಸನೆ’ ಬಂದದ್ದು 1974ರಲ್ಲಿ. ನಾನದನ್ನು ನಾಲ್ಕು ಸಲ ನೋಡಿದೆ. ಮೂರು ಸಲ ಆರತಿಗಾಗಿ. ನಾಲ್ಕನೇ ಸಲ ಯಾಕೆ ಅನ್ನೋದೇ ಈ ವಾರದ ಕಥೆ, ಗೆಳೆಯರೇ.

ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗಿ. (ಹೆಸರು ಬೇಡ ಬಿಡಿ, ಈಗ ಮೊಮ್ಮಕ್ಕಳಿರಬಹುದು.) ತಲೆ ಎತ್ತಿ ಮಾತಾಡಿದವಳಲ್ಲ. ನೋಟ್ಸ್ ಈಸಿಕೊಳ್ಳುವ ನೆಪದಲ್ಲಿ ಅವಳ ಕೈ ನೋಡಿದೆ. ಎಡಗೈಯ ಎರಡು ಬೆರಳ ತುದಿಯಲ್ಲಿ ಕಪ್ಪು ಗೆರೆ!

“ಏನ್ರೀ, ತರಕಾರಿ ಹೆಚ್ಚುವಾಗ ಕುಯ್ಕೊಂಡ್ರಾ?”

“ಅಲ್ಲ, ವೀಣೆ ತಂತಿ.”

ವೀಣೆಗೆ 24 ಮೆಟ್ಟು, ಏಳು ತಂತಿ. ನಾಲ್ಕು ನುಡಿಸೋದಕ್ಕೆ, ಮೂರು ತಾಳಕ್ಕೆ. ಗಮಕಕ್ಕಾಗಿ ತಂತಿ ಎಳೆದೂ ಎಳೆದೂ ಬೆರಳು ಜಡ್ಡುಗಟ್ಟುತ್ತದಂತೆ. ಇದೆಲ್ಲ ನನಗೆ ಅವಳಿಂದಲೇ ತಿಳಿದದ್ದು. ವೀಣೆ ಶೇಷಣ್ಣನವರ ಊರಿನಲ್ಲಿದ್ದೂ ನನಗೆ ಗೊತ್ತಿದ್ದದ್ದು ಶಿಳ್ಳೆ ಮಾತ್ರ.

“ಗಂಡಿನ ಕಡೆಯವರು ಬಂದಾಗ ಒಂದು ಕೃತಿ ನುಡಿಸಿದರೆ ಸಾಕು ಅಂತ ಮನೇಲಿ ಕಲಿಸಿದ್ರು. ಆ ಸಿನಿಮಾ ನೋಡಿದ ಮೇಲೆ ಗೊತ್ತಾಯ್ತು, ನಂಗೂ ಅದೇ ಹುಚ್ಚು ಅಂತ” ಅಂದಳು.

ನಾಲ್ಕನೇ ಸಲ ಹೋದದ್ದು ಅವಳ ಜೊತೆ. ಜೊತೆ ಅಂದ್ರೆ, ಕಾವಲಿಗೆ ಇಬ್ಬರು ಗೆಳತಿಯರು, ಅವರ ಹಿಂದಿನ ಸಾಲಿನಲ್ಲಿ ನಾನು. ಗಾಂಧಿ ಕ್ಲಾಸ್ ಬಿಟ್ಟು ಮೊದಲ ಸಲ ಬಾಲ್ಕನಿ ಹತ್ತಿದ್ದೆ! ವೀಣೆಯ ಸೀನು ಬಂದಾಗಲೆಲ್ಲ ಅವಳ ಬೆರಳು ಕುರ್ಚಿಯ ಕೈ ಮೇಲೆ ಓಡಾಡುತ್ತಿತ್ತು. ನಾನು ಆರತಿಯನ್ನು ನೋಡಲೇ ಇಲ್ಲ.

ಕಾಲೇಜ್ ಡೇಗೆ ನುಡಿಸಿ ಅಂತ ಕಾಡಿದವನೂ ನಾನೇ. ಮೊದಲು ವಿಜಯಭಾಸ್ಕರರ ಟ್ಯೂನು ನುಡಿಸಿದಳು. ಹಿಂದಿನ ಬೆಂಚುಗಳಿಂದ ಶಿಳ್ಳೆಯೋ ಶಿಳ್ಳೆ. ಆಮೇಲೆ ತಾನಕ್ಕೆ ಇಳಿದಳು ನೋಡಿ... ಇಪ್ಪತ್ತು ನಿಮಿಷ. ಶಿಳ್ಳೆ ನಿಂತಿತು. ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಮುಗಿದಾಗ ಇಡೀ ಹಾಲ್ ಎದ್ದು “ಒನ್ಸ್ ಮೋರ್” ಅಂತ ಕೂಗಿತು. ಅವಳು ತಲೆ ಎತ್ತಿ ನಕ್ಕಳು. ಎಲ್ಲರಿಗೂ!

ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಮಾರನೇ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೀರೋ ಥರ ನಿಂತು ಹೇಳಿದೆ: “ಮದುವೆ ಆದ್ಮೇಲೆ ಈ ಸ್ಟೇಜು ಗೀಜು ಬೇಡ. ಮನೇಲಿ ನನಗೋಸ್ಕರ ನುಡಿಸಿದ್ರೆ ಸಾಕು.”

ಅವಳು ತನ್ನ ಬೆರಳು ನೋಡಿಕೊಂಡಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ.

“ನಮ್ಮಪ್ಪನೂ ಇದನ್ನೇ ಹೇಳ್ತಾರೆ. ನೀವು ಬೇರೆ ಅಂದ್ಕೊಂಡಿದ್ದೆ. ನಿಮಗೆ ಆರತಿ ಬೇಕು ಕಣ್ರೀ, ಆದ್ರೆ ಪರದೆ ಮೇಲೆ ಮಾತ್ರ.”

ನೋಟ್ಸ್ ವಾಪಸ್ ಕೊಟ್ಟು ಹೊರಟೇಹೋದಳು. ನಾನು ಹಿಂದೆ ಹೋಗಲಿಲ್ಲ. ಅವಳೇ ಬರ್ತಾಳೆ ಅಂದುಕೊಂಡಿದ್ದೆ, ಸಿನಿಮಾದಲ್ಲಿ ಬರ್ತಾರಲ್ಲ!

ಎಷ್ಟೋ ವರ್ಷದ ಮೇಲೆ ಒಂದು ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಕಾಫಿ ಕುಡಿಯುತ್ತಿದ್ದೆ. ರೇಡಿಯೋದಲ್ಲಿ ವೀಣೆ. ಶುರುವಿನಲ್ಲಿ ಹೇಳಿದ ಹೆಸರು ಅವಳದೇ. ಮಾಣಿ ಚಿತ್ರಗೀತೆ ಹುಡುಕೋಕೆ ರೇಡಿಯೋದ ಕಿವಿ ಹಿಂಡಲು ಹೋದ.

“ಇರ್ಲಿ ಬಿಡೋ ಮರಿ” ಅಂದೆ.

ನನ್ನ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.