‘ಅಧಿಕಾರ ನೀಡಲಾಯಿತು’ ಎಂಬ ಒಂದು ಸಾಲು

ಪಂಚಾಯ್ತಿಯ ನಡಾವಳಿ ಪುಸ್ತಕ ತೆರೆದು ಓದುವ ರೈತರು ನಮ್ಮ ಕಡೆ ಬಹಳ ಕಡಿಮೆ. ಗೊಬ್ಬರದ ಚೀಲದ ಮೇಲಿನ ಅಕ್ಷರ ಓದತೀವಿ, ಬ್ಯಾಂಕಿನ ನೋಟೀಸು ಬಂದರೆ ನಾಲ್ಕು ಮಂದಿ ಕಡೆ ಓದಿಸಿಕೊಂಡು ಬರತೀವಿ. ನಮ್ಮ ಊರಿನ ರೊಕ್ಕ ಎಲ್ಲಿ ಖರ್ಚಾಗಬೇಕು ಎಂದು ಬರೆದಿಡುವ ಪುಸ್ತಕ ಮಾತ್ರ ಮುಟ್ಟೂದಿಲ್ಲ. ಓದಿದರೆ ಅದರಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಈ ಬಗ್ಗೆ ಮುಂದಿನ ಕ್ರಮ ಕೈಗೊಳ್ಳಲು ಅಧ್ಯಕ್ಷರು ಹಾಗೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳಿಗೆ ಅಧಿಕಾರ ನೀಡಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು.’

ನಾನು ಸೇಡಂ ತಾಲ್ಲೂಕಿನ ಒಣಬೇಸಾಯದವ. ಎಂಟು ಎಕರೆ ಕರಿ ಭೂಮಿ. ಮುಂಗಾರಿಗೆ ತೊಗರಿ, ಹೆಸರು. ಹಿಂಗಾರಿಗೆ ಜೋಳ, ಕಡ್ಲಿ. ಓದಿದ್ದು ಏಳನೇ ಇಯತ್ತೆ. ಕಾನೂನು ಬಲ್ಲವನಲ್ಲ. ಆದರೆ ಈ ಒಂದು ಸಾಲಿನಿಂದ ಸಣ್ಣ ರೈತನಿಗೆ ಆಗುವ ನಷ್ಟ ಕಾಯಿಕೊರಕ ಹುಳದಿಂದ ಆಗುವ ನಷ್ಟಕ್ಕಿಂತ ಕಡಿಮೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಹುಳಕ್ಕೆ ಔಷಧಿ ಹೊಡೀತೀವಿ. ಈ ಸಾಲಿಗೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಆ ಸಾಲಿನಲ್ಲಿ ಏನಿಲ್ಲ?

ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದದ್ದು 1993ರ ಮೇ 10ರಂದು. ಅದರ ಲೆಕ್ಕದಂತೆ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಆರು ಸಾವಿರ ಜನರ ಪಂಚಾಯ್ತಿ ಅಂದ್ರ ಹದಿನೈದು ಸದಸ್ಯರು. ಹದಿನೈದು ಮಂದಿ ಕೂತು, ವಾದ ಮಾಡಿ, ತೀರ್ಮಾನಿಸಲಿ ಅಂತ ನಾವು ಓಟು ಹಾಕಿದ್ದು. ಮೇಲಿನ ಸಾಲು ಬರೆದ ಕೂಡಲೇ ಹದಿನೈದು ಮಂದಿಯ ಅಧಿಕಾರ ಇಬ್ಬರ ಕೈಗೆ ಹೋಯಿತು.

ಅಧಿಕಾರ ವಹಿಸಿ ಕೊಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಪ್ರತಿ ಬಲ್ಬಿಗೆ, ಪ್ರತಿ ನಳದ ವಾಲ್ವಿಗೆ ಹದಿನೈದು ಮಂದಿ ಸೇರಬೇಕು ಅಂದ್ರ ಊರು ನಡೆಯೂದಿಲ್ಲ. ಯಾರಿಗಾದರೂ ವಹಿಸಲೇಬೇಕು. ವಹಿಸುವ ರೀತಿ ಹೇಗೆ ಅನ್ನುವುದು ಪ್ರಶ್ನೆ.

ನಾವು ಹೊಲವನ್ನು ಪಾಲಿಗೆ ಕೊಡುವಾಗ ಏನು ಮಾಡತೀವಿ? ಯಾವ ಸರ್ವೆ ನಂಬರು, ಎಷ್ಟು ಎಕರೆ, ಎಷ್ಟು ವರ್ಷ, ಬೀಜ ಯಾರದು, ಗೊಬ್ಬರ ಯಾರದು, ಹೊಟ್ಟು ಯಾರಿಗೆ ಎಂದು ಹಿರಿಯರ ಮುಂದೆ ಮಾತಾಡಿಯೇ ಕೊಡತೀವಿ. ‘ನಿನಗ ತಿಳದಂಗ ಮಾಡ್ಕೋ’ ಎಂದು ಸ್ವಂತ ತಮ್ಮನಿಗೂ ಹೇಳುವುದಿಲ್ಲ. ಮನೆಯ ಎಂಟೆಕರೆಗೆ ಇಷ್ಟು ಎಚ್ಚರ ಇರುವ ನಾವು ಊರಿನ ರೊಕ್ಕಕ್ಕೆ ಮಾತ್ರ ‘ಮುಂದಿನ ಕ್ರಮಕ್ಕೆ ಅಧಿಕಾರ’ ಅಂತ ಬರೆದು ಸಹಿ ಹಾಕುವುದನ್ನು ನೋಡಿಕೊಂಡು ಸುಮ್ಮನಿದ್ದೇವೆ.

ನನಗೆ ಆದದ್ದು ಹೇಳುತ್ತೇನೆ. ನಮ್ಮ ಹೊಲದ ಪಕ್ಕದ ನಾಲಾ ಹೂಳು ತುಂಬಿ ಮಳೆಗಾಲದಲ್ಲಿ ನೀರು ಹೊಲಕ್ಕೇ ತಿರುಗುತ್ತಿತ್ತು. ಕರಿ ಮಣ್ಣಿನಲ್ಲಿ ನೀರು ನಿಂತರೆ ತೊಗರಿ ಉಳಿಯೂದಿಲ್ಲ, ಬೇರು ಕೊಳೆಯುತ್ತದೆ. ಆರೇಳು ಮನೆಯವರು ಕೂಡಿ ಗ್ರಾಮಸಭೆಯಲ್ಲಿ ಕೇಳಿದೆವು. ಎಲ್ಲರೂ ‘ಆಗಲಿ’ ಅಂದರು. ಕೆಲಸವೂ ಆಯಿತು, ಆದರೆ ಒಂದು ಮೈಲು ಆಚೆ, ಹೂಳೇ ಇಲ್ಲದ ಬೇರೆ ನಾಲಾದಲ್ಲಿ. ಹೋಗಿ ಕೇಳಿದರೆ ‘ಠರಾವಿನಂಗ ಮಾಡೀವಿ ಕಾಕಾ, ಪುಸ್ತಕ ನೋಡ್ರಿ’ ಅಂದರು. ಪ್ರತಿ ತೆಗೆಸಿ ಓದಿದೆ. ಅವರು ಸುಳ್ಳು ಹೇಳಿರಲಿಲ್ಲ. ‘ನಾಲಾ ಹೂಳೆತ್ತುವ ಕಾಮಗಾರಿ’ ಅಂತಷ್ಟೇ ಬರೆದಿತ್ತು. ಯಾವ ನಾಲಾ, ಯಾವ ಸರ್ವೆ ನಂಬರಿನ ಬದಿ, ಎಷ್ಟು ರೂಪಾಯಿ, ಯಾವ ತಾರೀಖಿನೊಳಗೆ, ಯಾವುದೂ ಇಲ್ಲ. ಕೊನೆಗೆ ಮಾತ್ರ ಅದೇ ಸಾಲು. ಆ ದಿನದ ಸಭೆಯಲ್ಲಿ ಇದ್ದ ಹದಿನಾಲ್ಕು ವಿಷಯಗಳಲ್ಲಿ ಒಂಬತ್ತು ಅದೇ ಸಾಲಿನಿಂದ ಮುಗಿದಿದ್ದವು.

ಕಾಯ್ದೆ ತೋರಿಸಿದ ದಾರಿ

ಈ ಕಾಯ್ದೆಗಿಂತ ಮೊದಲು 1987ರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಆದಾಗ ನಾನು ಮೀಸೆ ಚಿಗುರುತ್ತಿದ್ದ ಹುಡುಗ. ನೀರ್ ಸಾಬ್ ಅಂತ ಜನ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬರು ಆ ವ್ಯವಸ್ಥೆ ತಂದವರು. ಊರಿನ ಕೆಲಸ ಊರಿನವರ ಕೈಗೆ ಬರಬೇಕು ಅನ್ನುವುದು ಆಗಿನ ಮಾತು. ಊರಿಗೆ ಬಂದ ಅಧಿಕಾರ ಊರಿನೊಳಗೆ ಒಬ್ಬರ ಮನೆಯಲ್ಲಿ ಕೂತರೆ ಆ ಮಾತಿಗೆ ಅರ್ಥ ಉಳಿಯೂದಿಲ್ಲ.

ಅದಕ್ಕಾಗಿಯೇ 1993ರ ಕಾಯ್ದೆಯಲ್ಲಿ ಸಮಿತಿಗಳನ್ನು ಇಟ್ಟರು. ಆಗ ಗ್ರಾಮ ಪಂಚಾಯ್ತಿಗೆ ಮೂರು ಸಮಿತಿ: ಒಕ್ಕಲುತನ, ದನಕರು, ಗ್ರಾಮ ಕೈಗಾರಿಕೆಗೆ ಉತ್ಪಾದನಾ ಸಮಿತಿ, ಪರಿಶಿಷ್ಟರು, ಹಿಂದುಳಿದವರು, ಹೆಣ್ಣುಮಕ್ಕಳು ಮಕ್ಕಳ ವಿಷಯಕ್ಕೆ ಸಾಮಾಜಿಕ ನ್ಯಾಯ ಸಮಿತಿ, ಶಾಲೆ, ಆರೋಗ್ಯ, ರಸ್ತೆ ಕೆಲಸಕ್ಕೆ ಸೌಕರ್ಯ ಸಮಿತಿ. ಒಂದೊಂದಕ್ಕೆ ಮೂರರಿಂದ ಐದು ಮಂದಿ. ರೈತ ಕೂಟ, ಮಹಿಳಾ ಮಂಡಳಿ, ಯುವಕ ಮಂಡಳಿಯವರನ್ನೂ ಸೇರಿಸಿಕೊಳ್ಳಬಹುದು, ಉತ್ಪಾದನಾ ಸಮಿತಿಗೆ ಸಹಕಾರ ಸಂಘದ ಒಬ್ಬ ಪ್ರತಿನಿಧಿ ಇರಲೇಬೇಕು ಅಂತಲೂ ಬರೆದಿದ್ದರು. ಅಂದರೆ ಚುನಾವಣೆಗೆ ನಿಲ್ಲದ ರೈತನಿಗೂ ಒಂದು ಕುರ್ಚಿ ಇಟ್ಟಿದ್ದರು.

ಆಮೇಲೆ ಕಾಯ್ದೆಗೆ ಹಲವು ತಿದ್ದುಪಡಿ ಆದವು. ಈಗ ಅದರ ಹೆಸರೇ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಪಂಚಾಯ್ತಿ ಗೋಡೆಯ ಹಲಗೆ ಮೇಲೆ ಸಮಿತಿಯ ಹೆಸರು ಏನೇ ಇರಲಿ, ‘ಒಕ್ಕಲುತನದ ಕೆಲಸ ನೋಡುವ ಸಮಿತಿ ಯಾವುದು? ಅದರಾಗ ಯಾರ್ಯಾರು ಇದ್ದಾರ? ಹಿಂದಿನ ಸಲ ಯಾವಾಗ ಕೂತಿತ್ತು?’ ಎಂದು ಕೇಳಿ ನೋಡಿ. ಬಹಳ ಕಡೆ ಹೆಸರು ಸಿಗುತ್ತದೆ, ತಾರೀಖು ಸಿಗೂದಿಲ್ಲ. ತಾವು ಯಾವ ಸಮಿತಿಯಲ್ಲಿದ್ದೇವೆ ಅನ್ನುವುದು ಕೆಲವು ಸದಸ್ಯರಿಗೇ ಗೊತ್ತಿರೂದಿಲ್ಲ.

ಸದಸ್ಯರನ್ನಷ್ಟೇ ಬೈದರೆ ಆಗೂದಿಲ್ಲ

ಸಭೆ ಇರುವುದು ಹಗಲು ಹೊತ್ತು. ಕೂಲಿ ಮಾಡುವ ಸದಸ್ಯ ಸಭೆಗೆ ಬಂದರೆ ಆ ದಿನದ ಕೂಲಿ ಹೋಯಿತು. ಆದ್ದರಿಂದ ಸಹಿ ಹಾಕಿ, ಚಹಾ ಕುಡಿದು ಎದ್ದು ಹೋಗುವವರು ಇದ್ದಾರೆ. ಓದಲು ಬಾರದವರಿಗೆ ನಡಾವಳಿ ಓದಿ ಹೇಳುವವರಿಲ್ಲ. 2010ರ ಚುನಾವಣೆಯಿಂದ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಆದರೆ ಎಷ್ಟೋ ಕಡೆ ಆಕಿ ಗೆದ್ದರೂ ಸಭೆಯಲ್ಲಿ ಮಾತಾಡುವವ ಗಂಡ ಅಥವಾ ಮೈದುನ. ಇದೂ ಒಂದು ಅಧಿಕಾರ ವಹಿಸಿಕೊಡುವುದೇ. ಯಾವ ಕಾಯ್ದೆಯಲ್ಲೂ ಇಲ್ಲದ್ದು, ಯಾವ ಪುಸ್ತಕದಲ್ಲೂ ಬರೆಯದ್ದು. ಹೊಲದಲ್ಲಿ ಬೀಜ, ಕಸ, ರಾಶಿ ಎಲ್ಲ ಆಕಿಯೇ ನೋಡುವುದು. ನಾಲಾ ಎಲ್ಲಿ ಒಡೆಯುತ್ತದೆ ಅನ್ನುವುದು ಗಂಡನಿಗಿಂತ ಆಕಿಗೇ ಚಲೋ ಗೊತ್ತಿರುತ್ತದೆ.

ಇನ್ನೊಂದು ಕಾರಣ ರೊಕ್ಕದ್ದು. ಬರುವ ರೊಕ್ಕದ ದೊಡ್ಡ ಪಾಲು ಮೇಲಿನಿಂದಲೇ ಕಟ್ಟು ಹಾಕಿಸಿಕೊಂಡು ಬರುತ್ತದೆ. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು. ಊರಿನವರು ಬಿಚ್ಚು ಮನಸ್ಸಿನಿಂದ ತೀರ್ಮಾನಿಸಲು ಉಳಿದದ್ದು ನೂರಕ್ಕೆ 40. ‘ಇಷ್ಟು ಸಣ್ಣ ರೊಕ್ಕಕ್ಕ ಸಮಿತಿ ಯಾಕ್ರಿ’ ಅನ್ನುತ್ತಾರೆ. ನಾನು ಹೇಳುವುದು ತಿರುಗಾ ಮುರುಗಾ: ರೊಕ್ಕ ಸಣ್ಣದಿದ್ದಾಗಲೇ ಎಲ್ಲಿ ಹಾಕಬೇಕು ಅನ್ನುವುದನ್ನು ಹೆಚ್ಚು ಮಂದಿ ಕೂತು ನೋಡಬೇಕು. ಎರಡೇ ಚೀಲ ಗೊಬ್ಬರ ಇದ್ದವನೇ ಅಲ್ಲವೇ ಯಾವ ಹೊಲಕ್ಕೆ ಹಾಕಲಿ ಅಂತ ರಾತ್ರಿಯೆಲ್ಲ ಯೋಚಿಸುವವ?

ಊರಿಗೊಂದು ನೋವು

ನಮ್ಮ ಐದೂರಿನ ಸೀಮೆಯನ್ನೇ ನೋಡಿ. ಶಹಾಬಾದ, ಚಿತ್ತಾಪುರ ಕಡೆ ಫರ್ಸಿ ಕಲ್ಲಿನ ಗಣಿ; ಕಲ್ಲಿನ ಚೂರಿನ ಗುಡ್ಡೆ ನಾಲಾಕ್ಕೆ, ಬಂಡಿ ದಾರಿಗೆ ಬಂದು ಬೀಳುತ್ತದೆ. ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆ. ಅಲ್ಲಿ ಧೂಳು ಮತ್ತು ಲಾರಿಯ ಚಿಂತೆ. ಚಿಂಚೋಳಿ ಕಡೆ ಕಾಡಂಚಿನ ಹೊಲಕ್ಕೆ ಹಂದಿ, ಜಿಂಕೆಯ ಕಾಟ. ಚಂದ್ರಂಪಳ್ಳಿ, ಮುಲ್ಲಾಮಾರಿ ನೀರಿನ ಪ್ರಶ್ನೆ. ಕಾಗಿಣಾ ದಂಡೆಯವರಿಗೆ ಹೊಳೆ ತುಂಬಿ ಬಂದರೆ ಬೆಳೆ ಮುಳುಗುವ ಭಯ. ಒಂದೇ ಸೀಮೆಯೊಳಗೆ ಇಷ್ಟು ಫರಕು. ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ಇದು ತಿಳಿಯೂದಿಲ್ಲ. ಹೊಲ ಬಲ್ಲ ಐದು ಮಂದಿಯ ಸಮಿತಿಗೆ ತಿಳಿಯುತ್ತದೆ.

2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಂದದ್ದು ಎಲ್ಲರಿಗೂ ನೆನಪಿದೆ. ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗಿದವು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಒಕ್ಕಲುತನದ ಸಮಿತಿ ಜೀವಂತ ಇದ್ದ ಊರಾದರೆ, ಮೊದಲ ಗಿಡ ಒಣಗಿದಾಗಲೇ ಹೊಲ ಹೊಲ ತಿರುಗಿ, ಸರ್ವೆ ನಂಬರು ಬರೆದು, ರೈತ ಸಂಪರ್ಕ ಕೇಂದ್ರಕ್ಕೆ ಪಟ್ಟಿ ಕೊಟ್ಟು, ಒಂದು ಪ್ರತಿ ಊರಲ್ಲಿ ಇಟ್ಟುಕೊಳ್ಳಬಹುದಿತ್ತು. ‘ನನ್ನ ಹೆಸರು ಬಿಟ್ಟಾರ’ ಅನ್ನುವ ಜಗಳ ಎಷ್ಟೋ ಕಡಿಮೆ ಆಗುತ್ತಿತ್ತು. ಇದಕ್ಕೆ ಒಂದು ನೋಟ್ ಬುಕ್ಕು ಸಾಕು, ಅನುದಾನ ಬೇಕಿಲ್ಲ.

‘ಸಮಿತಿ ಮಾಡಿದ್ರ ಕೆಲಸ ಆಗೂದಿಲ್ಲ’

ಇದು ಬಹಳ ಮಂದಿ ಹೇಳುವ ಮಾತು. ಒಬ್ಬ ಗಟ್ಟಿ ಮನುಷ್ಯ ಇದ್ದರೆ ಫಟಾಫಟ್ ಕೆಲಸ, ಐದು ಮಂದಿ ಸೇರಿದರೆ ಐದು ಪಾರ್ಟಿ ಅನ್ನುತ್ತಾರೆ. ಪಾರ್ಟಿ ಜಗಳ ಇಲ್ಲ ಅಂತ ನಾನು ಹೇಳಲಾರೆ. ಆದರೆ ಬೇಗ ಆದ ಕೆಲಸ ತಪ್ಪು ಜಾಗದಲ್ಲಿ ಆದರೆ ಅದರಿಂದ ಬಂದದ್ದೇನು? ನಮ್ಮ ನಾಲಾದ ಕೆಲಸವೂ ಬೇಗನೇ ಆಗಿತ್ತು.

ಮಹಾರಾಷ್ಟ್ರದ ಅಹಮದನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಜಾರ್ ನಮ್ಮಂಥದೇ ಮಳೆ ಕಡಿಮೆ ಬೀಳುವ ಊರು. ಅಲ್ಲಿಯೂ ಪೋಪಟರಾವ್ ಪವಾರ್ ಎಂಬ ಗಟ್ಟಿ ಸರಪಂಚರು ಇದ್ದರು. ಆದರೆ ಆ ಊರು ಹೆಸರಾದದ್ದು ಅವರೊಬ್ಬರೇ ತೀರ್ಮಾನ ಮಾಡಿದ್ದರಿಂದ ಅಲ್ಲ. ವರ್ಷ ವರ್ಷ ಬಿದ್ದ ಮಳೆ ಅಳೆದು, ಇರುವ ನೀರಿನ ಲೆಕ್ಕ ಗ್ರಾಮಸಭೆ ಮುಂದಿಟ್ಟು, ಯಾವ ಬೆಳೆ ಹಾಕಬೇಕು ಅನ್ನುವುದನ್ನು ಜನರೇ ಕೂತು ನಿರ್ಧರಿಸುವ ಪದ್ಧತಿ ತಂದರು. ಎಲ್ಲರೂ ಕೂತು ಮಾಡಿದ ನಿರ್ಧಾರ ಆದ್ದರಿಂದಲೇ ಎಲ್ಲರೂ ಪಾಲಿಸಿದರು.

ನಾವು ಮಾಡಬಹುದಾದ್ದು

ಮೊದಲನೆಯದು, ವಾರ್ಡ್ ಸಭೆಗೆ ಹೋಗುವುದು. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕು ಅನ್ನುತ್ತದೆ ಕಾಯ್ದೆ. ವಾರ್ಡ್ ಸಭೆಗೆ ಹತ್ತರಲ್ಲಿ ಒಂದು ಪಾಲು ಮತದಾರರು ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಇದ್ದರೆ ಕೋರಂ. ಗ್ರಾಮಸಭೆಗೆ ಅದೇ ರೀತಿ ಹತ್ತರಲ್ಲಿ ಒಂದು ಪಾಲು ಅಥವಾ 100 ಮಂದಿ. ಎರಡರಲ್ಲೂ ನೂರಕ್ಕೆ 30ರಷ್ಟು ಹೆಣ್ಣುಮಕ್ಕಳು ಇರಬೇಕು. ಒಂದು ಓಣಿಯಿಂದ 20 ಮಂದಿ ಹೋಗುವುದು ದೊಡ್ಡ ಮಾತಲ್ಲ. ಮದುವೆಗೆ ಇದಕ್ಕಿಂತ ಹೆಚ್ಚು ಮಂದಿ ಹೋಗತೀವಿ.

ಎರಡನೆಯದು, ಸಭೆ ಶುರುವಾದಾಗ ಹಿಂದಿನ ನಡಾವಳಿ ಓದಿಸುವುದು. ‘ಹೋದ ಸಲ ಏನು ಬರೆದಿದ್ರಿ, ಏನಾಯ್ತು, ಮೊದಲು ಅದು ಓದ್ರಿ ಸಾಹೇಬ್ರ’ ಎಂದು ಮರ್ಯಾದೆಯಿಂದ ಕೇಳಿದರೆ ಯಾರೂ ಇಲ್ಲ ಅನ್ನಲಾರರು.

ಮೂರನೆಯದೇ ಮುಖ್ಯ. ಯಾರಿಗೆ ಅಧಿಕಾರ ವಹಿಸಿದರೂ ಐದು ಮಾತು ಬರೆಸಬೇಕು: ಯಾವ ಕೆಲಸ, ಎಲ್ಲಿ, ಎಷ್ಟು ರೂಪಾಯಿವರೆಗೆ, ಯಾವ ತಾರೀಖಿನೊಳಗೆ, ಮುಗಿದ ಮೇಲೆ ಯಾವ ಸಭೆಗೆ ಲೆಕ್ಕ. ಈ ಐದು ಇದ್ದರೆ ಅಧ್ಯಕ್ಷರಿಗೆ ಕೊಟ್ಟರೂ ಭಯ ಇಲ್ಲ, ಸಮಿತಿಗೆ ಕೊಟ್ಟರೂ ಭಯ ಇಲ್ಲ. ಪ್ರಾಮಾಣಿಕ ಅಧ್ಯಕ್ಷರಿಗೂ ಇದು ಒಳ್ಳೇದು. ನಾಳೆ ಯಾರಾದರೂ ಬೆರಳು ತೋರಿಸಿದರೆ ಪುಸ್ತಕವೇ ಅವರ ಪರವಾಗಿ ಮಾತಾಡುತ್ತದೆ.

ನಾಲ್ಕನೆಯದು, ಒಕ್ಕಲುತನ ನೋಡುವ ಸಮಿತಿ ವರ್ಷಕ್ಕೆ ಎರಡು ಸಲವಾದರೂ ರೈತರ ಮುಂದೆ ಕೂರಲಿ. ಒಡ್ಡು, ನಾಲಾ, ಬಂಡಿ ದಾರಿಯ ವಿಷಯಕ್ಕೆ ಮಿರಗಕ್ಕಿಂತ ಮೊದಲು ಒಂದು ಸಲ, ತೊಗರಿ ರಾಶಿ ಮುಗಿದ ಮೇಲೆ ಇನ್ನೊಂದು ಸಲ. ಮಳೆ ಬಿದ್ದ ಮೇಲೆ ನಾಲಾದ ಠರಾವು ಮಾಡಿದರೆ ಅದು ಮುಂದಿನ ವರ್ಷಕ್ಕೇ ಸರಿ.

ಐದನೆಯದು, ಪ್ರತಿ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಶಹಾಬಾದ, ವಾಡಿ ಪಟ್ಟಣದೊಳಗೆ ಮನೆ ಇರುವವರಿಗೆ ಪಂಚಾಯ್ತಿ ಇಲ್ಲ, 1964ರ ಪುರಸಭೆ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿಯೂ ಸ್ಥಾಯಿ ಸಮಿತಿ ಇದೆ, ನಡಾವಳಿ ಪುಸ್ತಕ ಇದೆ. ಕೇಳುವ ಐದು ಮಾತು ಅವೇ.

ಬಿಟ್ಟ ಅಧಿಕಾರ ಖಾಲಿ ಇರೂದಿಲ್ಲ. ಯಾರಾದರೂ ಬಂದು ಕೂತೇ ಕೂರುತ್ತಾರೆ. 2016ರಲ್ಲಿ ಆರಿಸಿದ ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಅವನ್ನು ನಡೆಸಿದ್ದನ್ನು ಕಂಡಿದ್ದೇವೆ. ಅಧಿಕಾರಿಗಳು ಕೆಟ್ಟವರು ಅಂತಲ್ಲ. ಆದರೆ ನಮ್ಮ ನಾಲಾ ಯಾವುದು ಅಂತ ಅವರಿಗೆ ಹೇಳುವ ಸದಸ್ಯ ಅಲ್ಲಿ ಇರಲಿಲ್ಲ. ಊರ ಪಂಚಾಯ್ತಿಯಲ್ಲಿ ಸದಸ್ಯರನ್ನು ಆರಿಸಿಯೂ ಅದೇ ಗತಿ ತಂದುಕೊಳ್ಳುವುದು ಬೇಡ.

ನಿಮ್ಮ ಪಂಚಾಯ್ತಿಯಲ್ಲಿ ಒಕ್ಕಲುತನದ ಸಮಿತಿ ನಿಜವಾಗಿ ಕೂರುತ್ತಿದ್ದರೆ, ಅದು ಏನು ಮಾಡಿತು, ಹೇಗೆ ಮಾಡಿತು ಎಂದು ಈ ಪತ್ರಿಕೆಗೆ ಬರೆಯಿರಿ. ಅಂಥ ಒಂದೆರಡು ಊರಿನ ಹೆಸರು ಸಿಕ್ಕರೆ ನಮ್ಮ ಕಡೆಯ ನಾಲ್ಕು ಮಂದಿ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತೇವೆ.