ಊಟದ ಮೇಜಿನ ಮಾತು, ಮೈಕಿನ ಮುಂದಿನ ಮಾತು

ಚುನಾವಣೆ ಬಂತೆಂದರೆ ಅಭ್ಯರ್ಥಿಗಳು ಪರಸ್ಪರ ಕೆಸರೆರಚಿಕೊಳ್ಳುವುದು ಹೊಸತೇನಲ್ಲ. ಆದರೆ ಎದುರಾಳಿಯನ್ನು ಬಿಟ್ಟು ಜನರನ್ನೇ ಗುಂಪುಗುಂಪಾಗಿ ಹಳಿದರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳನ್ನು ನೋಡಿದರೆ ಈ ಗಾದೆ ಎಲ್ಲರಿಗೂ ಸಮನಾಗಿ ಅನ್ವಯಿಸುವಂತೆ ಕಾಣುವುದಿಲ್ಲ.

2008ರ ಏಪ್ರಿಲ್‌ನಲ್ಲಿ ಬರಾಕ್ ಒಬಾಮ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೇಣಿಗೆದಾರರ ಖಾಸಗಿ ಸಭೆಯಲ್ಲಿ ಮಾತನಾಡುತ್ತಾ, ಕೆಲಸ ಕಳಕೊಂಡ ಸಣ್ಣ ಊರಿನವರು ಕಹಿಯಾಗಿ ಬಂದೂಕಿಗೆ, ಧರ್ಮಕ್ಕೆ, ವಲಸಿಗರ ಮೇಲಿನ ಸಿಟ್ಟಿಗೆ ಅಂಟಿಕೊಳ್ಳುತ್ತಾರೆ ಎಂದರು. ಅವರು ಹೇಳಹೊರಟದ್ದು ಆ ಊರುಗಳ ಸಂಕಟವನ್ನು. ಆದರೆ ಸುದ್ದಿ ಹೊರಬಿದ್ದಾಗ ಚರ್ಚಿಗೆ ಹೋಗುವ ಜನ ಕೇಳಿಸಿಕೊಂಡದ್ದೇ ಬೇರೆ: ನಮ್ಮ ಭಕ್ತಿ ನಿರುದ್ಯೋಗದಿಂದ ಬಂದ ಕಾಯಿಲೆಯೇ? ಇದು ಜನರನ್ನು ಕೀಳಾಗಿ ಕಾಣುವ ಮಾತು ಎಂದು ಆಗ ಗಟ್ಟಿಯಾಗಿ ಖಂಡಿಸಿದವರು ಸ್ವಪಕ್ಷದ ಪ್ರತಿಸ್ಪರ್ಧಿ ಹಿಲರಿ ಕ್ಲಿಂಟನ್.

2012ರ ಮೇ ತಿಂಗಳಲ್ಲಿ ಮಿಟ್ ರಾಮ್ನಿಯವರ ಸರದಿ. ಫ್ಲಾರಿಡದ ಶ್ರೀಮಂತರೊಬ್ಬರ ಮನೆಯಲ್ಲಿ ಊಟ. ತಲೆಗೆ 50,000 ಡಾಲರ್! ದೇಶದ ಶೇ. 47 ಮಂದಿ ಆದಾಯ ತೆರಿಗೆ ಕಟ್ಟುವುದಿಲ್ಲ, ಸರಕಾರದ ಆಶ್ರಯದಲ್ಲಿದ್ದು ತಮಗೆ ಅನ್ಯಾಯವಾಗಿದೆ ಎಂದುಕೊಳ್ಳುತ್ತಾರೆ, ಅವರ ಚಿಂತೆ ನನ್ನ ಕೆಲಸವಲ್ಲ ಎಂದರು. ಪಾನೀಯ ಹಂಚಲು ಬಂದಿದ್ದವನು ಅದನ್ನು ಗುಟ್ಟಾಗಿ ಚಿತ್ರೀಕರಿಸಿದ್ದ. ಸೆಪ್ಟೆಂಬರ್‌ನಲ್ಲಿ ವಿಡಿಯೊ ಬಹಿರಂಗವಾಯಿತು. ಅಂಕಿ ಹೆಚ್ಚುಕಡಿಮೆ ಸರಿ, ಅದಕ್ಕೆ ಕೊಟ್ಟ ಅರ್ಥ ತಪ್ಪು. ಆ ಲೆಕ್ಕದಲ್ಲಿ ನಿವೃತ್ತ ವೃದ್ಧರಿದ್ದರು, ಸಂಬಳದಿಂದ ಬೇರೆ ತೆರಿಗೆ ಮುರಿಸಿಕೊಳ್ಳುವ ಬಡ ಕಾರ್ಮಿಕರಿದ್ದರು. ಅನೇಕರು ರಾಮ್ನಿಯವರ ಪಕ್ಷಕ್ಕೇ ಮತ ಹಾಕುವವರು. ವಿಪರ್ಯಾಸ ನೋಡಿ, ಕೊನೆಗೆ ಅವರಿಗೆ ಸಿಕ್ಕಿದ್ದೂ ಸುಮಾರು ಶೇ. 47 ಮತವೇ.

ಇಷ್ಟೆಲ್ಲ ಕಂಡಿದ್ದ ಕ್ಲಿಂಟನ್ ಕೂಡ 2016ರ ಸೆಪ್ಟೆಂಬರ್ 9ರಂದು ನ್ಯೂಯಾರ್ಕಿನ ನಿಧಿಸಂಗ್ರಹ ಸಮಾರಂಭದಲ್ಲಿ ಟ್ರಂಪ್ ಬೆಂಬಲಿಗರ ಅರ್ಧ ಭಾಗವನ್ನು ಹೇಯರ ಬುಟ್ಟಿಗೆ ಹಾಕಿದರು. ಉಳಿದರ್ಧ ನೊಂದವರು, ಅವರನ್ನು ಅರಿಯಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಿದ್ದರು. ಅದು ಯಾರಿಗೆ ನೆನಪಿದೆ? ಮರುದಿನ 'ಅರ್ಧ' ಎಂದದ್ದಕ್ಕೆ ವಿಷಾದಿಸಿದರು. ಅಷ್ಟರಲ್ಲಿ ಎದುರು ಪಕ್ಷದವರು ಆ ಬೈಗುಳವನ್ನೇ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗತೊಡಗಿದ್ದರು.

ಮೂವರೂ ಮಾತನಾಡಿದ್ದು ಹಣ ಕೊಟ್ಟವರ ಮುಂದೆ, ಅಲ್ಲಿ ಇಲ್ಲದವರ ಬಗ್ಗೆ. ಮೂವರೂ ಬೆಲೆ ತೆತ್ತರು, ಏಕೆಂದರೆ ಹಳಿಸಿಕೊಂಡವರ ಕೈಯಲ್ಲಿ ಮತವಿತ್ತು.

ಇನ್ನು ಮತವಿಲ್ಲದವರ ಕಥೆ. 2015ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಸ್ಪರ್ಧೆ ಘೋಷಿಸುವಾಗಲೇ ಮೆಕ್ಸಿಕೊದಿಂದ ಬರುವವರು ಮಾದಕದ್ರವ್ಯ, ಅಪರಾಧ ತರುತ್ತಾರೆ, ಅತ್ಯಾಚಾರಿಗಳು, ಕೆಲವರು ಒಳ್ಳೆಯವರೂ ಇರಬಹುದು ಎಂದರು. ಅಡಗಿಸಿ ಅಲ್ಲ, ಟಿ.ವಿ. ಕ್ಯಾಮೆರಾಗಳ ಎದುರೇ. ಗೆದ್ದರು. 2024ರ ಸೆಪ್ಟೆಂಬರ್ 10ರ ಚರ್ಚೆಯಲ್ಲಿ, ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ಜನರ ಸಾಕುನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದರು. ಅವರು ಬೆರಳು ತೋರಿಸಿದ್ದು ಅಲ್ಲಿನ ಹೈಟಿಯವರತ್ತ. ಅವರಲ್ಲಿ ಹೆಚ್ಚಿನವರು ಕಾನೂನುಬದ್ಧವಾಗಿಯೇ ಇದ್ದವರು. ಇದಕ್ಕೆ ನಂಬಲರ್ಹ ದೂರೇ ಇಲ್ಲವೆಂದು ನಗರಾಡಳಿತ ಹೇಳಿತು. ಆದರೂ ಬಾಂಬ್ ಬೆದರಿಕೆಗಳಿಂದ ಶಾಲೆಗಳನ್ನು ತೆರವು ಮಾಡಬೇಕಾಯಿತು. ಟ್ರಂಪ್ ಪಕ್ಷದವರೇ ಆದ ರಾಜ್ಯಪಾಲ ಮೈಕ್ ಡಿವೈನ್ ಶಾಲೆಗಳಿಗೆ ಪೊಲೀಸರನ್ನು ಕಳುಹಿಸಿದರು. ಅಲ್ಲಿ ಹೈಟಿಯವರ ಕೈಹಿಡಿದವರಲ್ಲಿ ನಮಗೆಲ್ಲ ಪರಿಚಿತವಾದ ಸೈಂಟ್ ವಿನ್ಸೆಂಟ್ ಡಿ ಪಾವ್ಲ್ ಸಭೆಯೂ ಇತ್ತು. ನವೆಂಬರ್‌ನಲ್ಲಿ ಒಹಾಯೊ ರಾಜ್ಯವನ್ನು ಟ್ರಂಪ್ 2020ಕ್ಕಿಂತ ಹೆಚ್ಚಿನ ಅಂತರದಿಂದ ಗೆದ್ದರು.

ಕರಾವಳಿಯ ಧರ್ಮಕೇಂದ್ರಗಳಲ್ಲಿ ಮಕ್ಕಳು ಪರದೇಶದಲ್ಲಿ ದುಡಿಯುವ ಮನೆಗಳು ಎಷ್ಟಿಲ್ಲ? ಅವರೂ ಅಲ್ಲಿ ವಲಸಿಗರೇ, ಹೆಚ್ಚಿನವರಿಗೆ ಅಲ್ಲಿ ಮತವಿಲ್ಲ.

ನಮ್ಮ ದೇಶದಲ್ಲಿ ಕಾನೂನಿನ ತಡೆಯೊಂದಿದೆ. 1951ರ ಜನಪ್ರತಿನಿಧಿ ಕಾಯ್ದೆಯ 123(3ಎ) ಕಲಮಿನ ಪ್ರಕಾರ, ಅಭ್ಯರ್ಥಿ ತನ್ನ ಗೆಲುವಿಗಾಗಿ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆಯ ಹೆಸರಲ್ಲಿ ದ್ವೇಷ ಹುಟ್ಟಿಸಿದರೆ ಅದು ಭ್ರಷ್ಟ ಆಚರಣೆ, ಆಯ್ಕೆಯೇ ರದ್ದಾಗಬಹುದು. ಆದರೆ ಗೆದ್ದವರ ವಿರುದ್ಧ 45 ದಿನಗಳೊಳಗೆ ಹೈಕೋರ್ಟಿಗೆ ಹೋಗುವವರು ಬೇಕಲ್ಲ! ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯದ ರಕ್ಷಣೆ ಬಿಗಿಯಾಗಿರುವುದರಿಂದ ಇಂಥ ಕಲಮೂ ಇಲ್ಲ.

ಟ್ರಂಪ್ ಸರಕಾರ 2025ರಲ್ಲಿ ಹೈಟಿಯವರಿಗಿದ್ದ ತಾತ್ಕಾಲಿಕ ರಕ್ಷಣೆಯನ್ನು ಕೊನೆಗೊಳಿಸುವುದಾಗಿ ಪ್ರಕಟಿಸಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.