ಕುಡಿಯುವ ನೀರಿನ ಅನುದಾನ: ಬೆಳಗಾವಿಗೊಂದು ಅಳತೆ, ಖಾನಾಪುರಕ್ಕೊಂದು ಅಳತೆ

ಬೆಳಗಾವಿ: ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿಯ ಉಗಮ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಾಣಗಳ ಸಾಲಿನಲ್ಲಿ ಕಣಕುಂಬಿ ಹಾಗೂ ಆಮಗಾಂವ ಹೆಸರುಗಳು ಪ್ರತಿವರ್ಷ ಕೇಳಿಬರುತ್ತವೆ. ಆದರೂ ಏಪ್ರಿಲ್ ಬಂತೆಂದರೆ ಇದೇ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಕೊಡಗಳು ಸಾಲುಗಟ್ಟುತ್ತವೆ. ಇಲ್ಲಿ ಹುಟ್ಟಿದ ಮಲಪ್ರಭೆಯ ನೀರು ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ನಿಂತು, ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ನಲ್ಲಿಗಳನ್ನು ತಲುಪುತ್ತದೆ. ಉಗಮದ ನೆಲಕ್ಕೆ ಮಾತ್ರ ಬೇಸಿಗೆಯಲ್ಲಿ ಟ್ಯಾಂಕರ್ ಬೇಕಾಗುತ್ತದೆ.

ಈ ವಿಪರ್ಯಾಸಕ್ಕೆ ನಿಸರ್ಗವನ್ನು ದೂರುವುದು ಸುಲಭ. ಆದರೆ ಕುಡಿಯುವ ನೀರಿನ ಕಾಮಗಾರಿಗಳಿಗೆ ಸರ್ಕಾರದ ಹಣ ಹರಿದುಬರುವ ದಾರಿಯನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ಗೋಚರಿಸುತ್ತದೆ. ಹಣ ಅಗತ್ಯವನ್ನು ಹುಡುಕಿಕೊಂಡು ಹೋಗುವುದಿಲ್ಲ. ಪ್ರಸ್ತಾವನೆಯನ್ನು ಹುಡುಕಿಕೊಂಡು ಹೋಗುತ್ತದೆ. ಸಮೀಕ್ಷೆ, ನಕ್ಷೆ, ಅಂದಾಜುಪಟ್ಟಿ, ಠರಾವು, ಪಾಲು ಹಣದ ಭರವಸೆ ಇವೆಲ್ಲ ಕೂಡಿದ ಕಡತ ಯಾರ ಬಳಿ ಸಿದ್ಧವಿದೆಯೋ ಅವರಿಗೆ ಅನುದಾನ. ಈ ಲೆಕ್ಕದಲ್ಲಿ ಬೆಳಗಾವಿ ಮಹಾನಗರ ಮತ್ತು ಅದರಿಂದ ಕೇವಲ ಅರ್ಧ ಗಂಟೆಯ ದಾರಿಯಲ್ಲಿರುವ ಖಾನಾಪುರ ಎರಡು ಬೇರೆ ಲೋಕಗಳು.

ನಗರದ ಕಥೆ: ಪ್ರಯೋಗದಿಂದ ವಿಸ್ತರಣೆಗೆ

ಬೆಳಗಾವಿ ನಗರಕ್ಕೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯ ಹಾಗೂ ಘಟಪ್ರಭಾ ನದಿಯ ಹಿಡಕಲ್ ಜಲಾಶಯ ಎರಡು ಆಸರೆಗಳು. 2011ರ ಜನಗಣತಿಯಂತೆ ಮಹಾನಗರ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 4.88 ಲಕ್ಷ. ಇಷ್ಟು ದೊಡ್ಡ ಊರಿಗೆ ಯೋಜನೆ ಬರೆದುಕೊಡುವವರಿಗೆ ಕೊರತೆಯಿಲ್ಲ. 2004ರಲ್ಲಿ ವಿಶ್ವಬ್ಯಾಂಕ್ 3.95 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ ಕರ್ನಾಟಕ ನಗರ ನೀರು ಕ್ಷೇತ್ರ ಸುಧಾರಣಾ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರ್ಗಿಯ ಜೊತೆಗೆ ಬೆಳಗಾವಿಯೂ ಆಯ್ಕೆಯಾಯಿತು. ನಗರದ 10 ವಾರ್ಡ್‌ಗಳನ್ನು ಪ್ರಾತ್ಯಕ್ಷಿಕೆ ವಲಯಗಳೆಂದು ಗುರುತಿಸಿ, ಹಳೆಯ ಕೊಳವೆ ಜಾಲವನ್ನು ಬದಲಿಸಿ, ಮನೆಗಳಿಗೆ ಮೀಟರ್ ಅಳವಡಿಸಿ, 2008ರಿಂದ ದಿನದ 24 ಗಂಟೆಯೂ ನೀರು ಕೊಡಲಾರಂಭಿಸಿತು. ಭಾರತದ ನಗರವೊಂದರಲ್ಲಿ ಇದು ಸಾಧ್ಯವೆಂದು ತೋರಿಸಿದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು.

ಇದರ ಪ್ರಯೋಜನ ಬರಿಯ ಅನುಕೂಲಕ್ಕೆ ಸೀಮಿತವಲ್ಲ. ಇದೇ ಯೋಜನೆಯ ಭಾಗವಾಗಿದ್ದ ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ನಿರಂತರ ನೀರು ಪಡೆಯುವ ಬಡಾವಣೆಗಳಲ್ಲಿ ವಿಷಮಶೀತ ಜ್ವರದ ಪ್ರಕರಣಗಳು ಕಡಿಮೆ ಇರುವುದನ್ನು ದಾಖಲಿಸಿತು. ಎಲ್ಲ ಬಗೆಯ ಅತಿಸಾರ ಇಳಿದಿರಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು. ಅಂದರೆ ಕೊಳವೆ ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಆದರೆ ಬದಲಿಸದೇ ಉಳಿದ ಬಡಾವಣೆಗಳು ಏನನ್ನೋ ಕಳೆದುಕೊಳ್ಳುತ್ತಿವೆ ಎಂಬುದು ನಿಶ್ಚಿತ.

ಬೆಳಗಾವಿಯಲ್ಲಿ ಹೀಗೆ ಕಳೆದುಕೊಂಡದ್ದು ಉಳಿದ 48 ವಾರ್ಡ್‌ಗಳು. ಒಂದೇ ಜಲಾಶಯದ ನೀರು ಒಂದು ಬೀದಿಗೆ ಸದಾಕಾಲ, ಮುಂದಿನ ಬೀದಿಗೆ ದಿನಗಟ್ಟಲೆ ಅಂತರದಲ್ಲಿ ಎಂಬ ಸ್ಥಿತಿ ದಶಕ ಮೀರಿ ಮುಂದುವರಿಯಿತು. 2016ರಲ್ಲಿ ವಿಶ್ವಬ್ಯಾಂಕ್ 10 ಕೋಟಿ ಡಾಲರ್ ಸಾಲದೊಂದಿಗೆ ರಾಜ್ಯದ ನಗರ ನೀರು ಸರಬರಾಜು ಆಧುನೀಕರಣ ಯೋಜನೆಗೆ ಒಪ್ಪಿಗೆ ನೀಡಿತು. ನಗರದ ಉಳಿದ ಭಾಗಕ್ಕೆ ನಿರಂತರ ನೀರು ವಿಸ್ತರಿಸುವ ಕೆಲಸ ಖಾಸಗಿ ಕಂಪನಿಯ ಕೈಗೆ ಹೋದದ್ದು ಆ ಬಳಿಕವಷ್ಟೇ. ಪ್ರಾತ್ಯಕ್ಷಿಕೆಗೆ ಹಣ ಬೇಗ ಸಿಕ್ಕಿತು, ವಿಸ್ತರಣೆಗೆ ಸಿಗಲಿಲ್ಲ. ಹಣ ನೀಡುವವರ ಕಣ್ಣಿಗೆ ಮಾದರಿ ಕಾಮಗಾರಿ ಬಿದ್ದಷ್ಟು ಸಾಧಾರಣ ಕಾಮಗಾರಿ ಬೀಳುವುದಿಲ್ಲ.

ಚುನಾಯಿತರಿಲ್ಲದ ವರ್ಷಗಳು

ಇದರ ನಡುವೆ ಮತ್ತೊಂದು ಅಂಶವನ್ನು ಮರೆಯುವಂತಿಲ್ಲ. ಮಹಾನಗರ ಪಾಲಿಕೆಯ ಹಿಂದಿನ ಮಂಡಳಿಯ ಅವಧಿ 2019ರಲ್ಲಿ ಮುಗಿಯಿತು. 58 ವಾರ್ಡ್‌ಗಳಿಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಗೆದ್ದವರು ಮೇಯರ್ ಆಯ್ಕೆಗೆ 2023ರ ಫೆಬ್ರುವರಿವರೆಗೆ ಕಾಯಬೇಕಾಯಿತು. ಅಮೃತ್ 2.0 ಅಭಿಯಾನಕ್ಕೆ ಕೇಂದ್ರ ಸರ್ಕಾರ ಚಾಲನೆ ನೀಡಿದ್ದು 2021ರ ಅಕ್ಟೋಬರ್ 1ರಂದು. ನಗರಗಳು ತಮ್ಮ ನೀರಿನ ಲೆಕ್ಕ ಬರೆದು, ಬೇಡಿಕೆ ಪಟ್ಟಿ ಸಲ್ಲಿಸಬೇಕಿದ್ದ ಕಾಲದಲ್ಲಿ ಬೆಳಗಾವಿಯಲ್ಲಿ ಕಾರ್ಯನಿರತ ಮಂಡಳಿಯೇ ಇರಲಿಲ್ಲ. ಯಾವ ಬಡಾವಣೆಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ತೀರ್ಮಾನ ಅಧಿಕಾರಿಗಳ ಮೇಜಿನಲ್ಲಿ ಆಯಿತೇ ಹೊರತು ಸಭಾಂಗಣದ ಚರ್ಚೆಯಲ್ಲಿ ಅಲ್ಲ.

ಗ್ರಾಮೀಣ ಭಾಗದಲ್ಲೂ ಇದೇ ಚಿತ್ರ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಪಂಚಾಯಿತಿಗಳಿಗೆ ನೀಡಿದ ಅನುದಾನದಲ್ಲಿ ಶೇ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತ್ತು. ಆದರೆ ಆ ಹಣಕ್ಕೆ ಚುನಾಯಿತ ಮಂಡಳಿ ಇರಬೇಕೆಂಬ ಷರತ್ತೂ ಇತ್ತು. ಖಾನಾಪುರದ ಹಳ್ಳಿಯ ಬೇಡಿಕೆಯನ್ನು ಜಿಲ್ಲಾ ಮಟ್ಟದಲ್ಲಿ ಎತ್ತಿ ಹೇಳಬೇಕಾದ ಸದಸ್ಯನ ಕುರ್ಚಿಯೇ ಖಾಲಿ ಉಳಿದರೆ ಅರ್ಜಿಯ ಬೆನ್ನು ಹತ್ತುವವರು ಯಾರು?

ನಿಯಮ ಉದಾರ, ದಾರಿ ದುರ್ಗಮ

ಕಾಗದದ ಮೇಲೆ ನೋಡಿದರೆ ನಿಯಮಗಳು ಸಣ್ಣ ಊರುಗಳ ಪರವಾಗಿಯೇ ಇವೆ. ಅಮೃತ್ 2.0ರಲ್ಲಿ 1 ಲಕ್ಷದಿಂದ 10 ಲಕ್ಷ ಜನಸಂಖ್ಯೆಯ ನಗರಗಳಿಗೆ ಕೇಂದ್ರದ ಪಾಲು ಮೂರನೇ ಒಂದು ಭಾಗ. 1 ಲಕ್ಷಕ್ಕಿಂತ ಕಡಿಮೆಯಿರುವ ಪಟ್ಟಣಗಳಿಗೆ ಅರ್ಧ ಭಾಗ. ತಲಾ 30 ಕೋಟಿ ರೂಪಾಯಿಯ ಎರಡು ಕಾಮಗಾರಿಗಳನ್ನು ಊಹಿಸಿಕೊಂಡರೆ ಬೆಳಗಾವಿಗೆ ಕೇಂದ್ರದಿಂದ 10 ಕೋಟಿ, ಖಾನಾಪುರ ಪಟ್ಟಣ ಪಂಚಾಯಿತಿಗೆ 15 ಕೋಟಿ ದೊರೆಯುತ್ತದೆ. ಆದರೆ ಈ ಹಣ ಒಮ್ಮೆಗೇ ಬರುವುದಿಲ್ಲ. 20, 40, 40ರ ಪ್ರಮಾಣದಲ್ಲಿ ಮೂರು ಕಂತು. ಖಾನಾಪುರಕ್ಕೆ ಮೊದಲು ಬರುವುದು 3 ಕೋಟಿ ಮಾತ್ರ. ಅದನ್ನು ವೆಚ್ಚ ಮಾಡಿ, ಬಳಕೆ ಪ್ರಮಾಣಪತ್ರ ಸಲ್ಲಿಸಿ, ಹೊರಗಿನ ಸಂಸ್ಥೆಯ ತಪಾಸಣೆ ಮುಗಿದ ಮೇಲೆ ಎರಡನೇ ಕಂತು. ಪಾಲಿಕೆಗೆ ಆಸ್ತಿ ತೆರಿಗೆಯಿದೆ, ಎಂಜಿನಿಯರುಗಳಿದ್ದಾರೆ, ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಶಕ್ತಿಯಿದೆ. ಬೆರಳೆಣಿಕೆಯ ಸಿಬ್ಬಂದಿಯ ಪಟ್ಟಣ ಪಂಚಾಯಿತಿಗೆ ವಿಸ್ತೃತ ಯೋಜನಾ ವರದಿ ಸಿದ್ಧಪಡಿಸಲಿಕ್ಕೂ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯೇ ಗತಿ. ಹೆಚ್ಚಿನ ಪಾಲು ಸಿಗುವ ಊರಿಗೇ ಆ ಪಾಲನ್ನು ಕೇಳಿ ಪಡೆಯುವ ಸಾಮರ್ಥ್ಯ ಕಡಿಮೆ.

ಹಳ್ಳಿಗಳಿಗೆ ಬಂದರೆ ಜಲಜೀವನ್ ಮಿಷನ್. 2019ರ ಆಗಸ್ಟ್ 15ರಂದು ಘೋಷಣೆಯಾದ, ಕರ್ನಾಟಕದಲ್ಲಿ 'ಮನೆ ಮನೆಗೆ ಗಂಗೆ' ಹೆಸರು ಪಡೆದ ಈ ಯೋಜನೆಯಲ್ಲಿ ಕೇಂದ್ರ ಮತ್ತು ರಾಜ್ಯ ಸಮಪಾಲು ಹಾಕುತ್ತವೆ. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಗುರಿ. ನಗರಗಳಿಗೆ ಇದೇ ಮಾನದಂಡ 135 ಲೀಟರ್. ಮಳೆ ಸುರಿಯುವ ನೆಲದವನಿಗೆ 55, ಕೊಳವೆಯ ಕೊನೆಯಲ್ಲಿರುವವನಿಗೆ 135 ಎಂಬ ತಾರತಮ್ಯ ನಿಯಮದಲ್ಲೇ ಅಡಗಿದೆ.

ಗ್ರಾಮದೊಳಗಿನ ಕಾಮಗಾರಿಯ ಬಂಡವಾಳದಲ್ಲಿ ಶೇ 10ರಷ್ಟನ್ನು ಗ್ರಾಮಸ್ಥರು ಹಣ, ಸಾಮಗ್ರಿ ಅಥವಾ ಶ್ರಮದ ರೂಪದಲ್ಲಿ ಭರಿಸಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಗುಡ್ಡಗಾಡು ಹಾಗೂ ಅರಣ್ಯ ಪ್ರದೇಶದ ಹಳ್ಳಿಗಳಿಗೆ ಇದು ಶೇ 5. ರಿಯಾಯಿತಿ ದೊಡ್ಡದೆನಿಸಬಹುದು. ಆದರೆ 20 ಲಕ್ಷ ರೂಪಾಯಿಯ ಕಾಮಗಾರಿಗೆ ಶೇ 5 ಎಂದರೆ 1 ಲಕ್ಷ. 200 ಮನೆಗಳ ಊರಾದರೆ ಮನೆಗೆ 500 ರೂಪಾಯಿ. 20 ಮನೆಗಳ ಕೇರಿಯಾದರೆ 5,000. ಖಾನಾಪುರದ ಪಶ್ಚಿಮ ಭಾಗದ ಊರುಗಳು ಬಯಲುಸೀಮೆಯಂತೆ ಒತ್ತೊತ್ತಾಗಿಲ್ಲ. ಗುಡ್ಡದ ಮಗ್ಗುಲಲ್ಲಿ ಅಲ್ಲೊಂದು ಇಲ್ಲೊಂದು ಚದುರಿವೆ. ಕೊಳವೆಯ ಉದ್ದ ಅಷ್ಟೇ, ಹಂಚಿಕೊಳ್ಳುವವರು ಕಡಿಮೆ. ಪ್ರತಿ ಸಂಪರ್ಕದ ವೆಚ್ಚವನ್ನು ಅಳೆಯುವ ಕಚೇರಿಯಲ್ಲಿ ಇಂಥ ಕಡತ ಕೆಳಗೆ ಸರಿಯುವುದು ಸಹಜ.

ಕಾಡು, ಕಾನೂನು ಮತ್ತು ಕೊಳವೆ

2011ರಲ್ಲಿ ಭೀಮಗಡ ವನ್ಯಜೀವಿ ಅಭಯಾರಣ್ಯವೆಂದು ಘೋಷಣೆಯಾಯಿತು. ಅದರೊಳಗೂ ಅಂಚಿನಲ್ಲೂ ಜನವಸತಿಗಳಿವೆ. ಅಲ್ಲಿ ಕೊಳವೆ ಹಾಕಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕುಗಳ ಕಾಯ್ದೆಯ ಸೆಕ್ಷನ್ 3(2) ಇದಕ್ಕೊಂದು ದಾರಿ ತೋರಿಸಿದೆ. ಗ್ರಾಮಸಭೆಯ ಶಿಫಾರಸು ಇದ್ದಲ್ಲಿ ಕುಡಿಯುವ ನೀರಿನ ಕೊಳವೆ, ಸಣ್ಣ ಕೆರೆ, ಮಳೆನೀರು ಸಂಗ್ರಹದಂಥ ಸೌಲಭ್ಯಗಳಿಗೆ 1 ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರ್‌ಗೆ 75 ಮರಗಳಿಗಿಂತ ಹೆಚ್ಚು ಕಡಿಯದಂತೆ, ಬಳಸಲು ಅವಕಾಶವಿದೆ. ಅಭಯಾರಣ್ಯದೊಳಗೆ ವನ್ಯಜೀವಿ ಕಾಯ್ದೆಯ ಕಟ್ಟುಪಾಡುಗಳೂ ಸೇರಿಕೊಳ್ಳುತ್ತವೆ. ಆದ್ದರಿಂದ ಗ್ರಾಮಸಭೆಯ ಠರಾವು ಇಲ್ಲಿ ಬರಿಯ ವಿಧಿಯಲ್ಲ, ಅರ್ಜಿಯ ಅಡಿಗಲ್ಲು. ತಾಲ್ಲೂಕಿನ ಹಲವು ಊರುಗಳಲ್ಲಿ ಜನರಾಡುವ ಮಾತು ಮರಾಠಿ. ಕಡತದ ಭಾಷೆ ಕನ್ನಡ, ಅಂದಾಜುಪಟ್ಟಿಯ ಭಾಷೆ ಇಂಗ್ಲಿಷ್. ಯಾವುದಕ್ಕೆ ಸಹಿ ಹಾಕುತ್ತಿದ್ದೇವೆಂದು ಜನರಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳದಿದ್ದರೆ ಠರಾವಿಗೆ ಬಲವಿರದು.

ದೊಡ್ಡ ಯೋಜನೆಯ ನೆರಳು

ಖಾನಾಪುರದ ನೀರೆಂದರೆ ರಾಜ್ಯಕ್ಕೆ ನೆನಪಾಗುವುದು ಕಳಸಾ-ಬಂಡೂರಿ. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ಅಡಿ ನೀರಿನಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ ನಿಗದಿಯಾಯಿತು. ಕಣಿವೆಯೊಳಗಿನ ಬಳಕೆಗೆಂದು 1.5 ಟಿಎಂಸಿಯನ್ನೂ ತೀರ್ಪು ಬಿಟ್ಟುಕೊಟ್ಟಿತು. ತಿರುವಿನ ನೀರಿಗಾಗಿ ಹೋರಾಟ, ಬಂದ್, ಸರ್ವಪಕ್ಷ ಸಭೆ ಎಲ್ಲವೂ ನಡೆದಿವೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆಯನ್ನೂ ನೀಡಿತು. ಆದರೆ ಕಣಿವೆಯೊಳಗಿನ ಆ 1.5 ಟಿಎಂಸಿಯ ಬಗ್ಗೆ ಇಷ್ಟು ಗಟ್ಟಿ ಧ್ವನಿ ಕೇಳಿಬಂದಿಲ್ಲ. ಅದನ್ನು ಬಳಸುವುದಕ್ಕೂ ಹಳ್ಳಿವಾರು ಪ್ರಸ್ತಾವನೆಗಳೇ ಬೇಕು.

ನೀರು ಹೊರಹೋಗುವ ಆತಂಕ ಈಗ ನಗರವನ್ನೂ ಮುಟ್ಟಿದೆ. ಹಿಡಕಲ್ ನೀರನ್ನು ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಒಯ್ಯುವ ಕಾಮಗಾರಿಯ ವಿರುದ್ಧ 2025ರ ಆರಂಭದಲ್ಲಿ ಬೆಳಗಾವಿಯಲ್ಲಿ ಪ್ರತಿಭಟನೆಗಳು ನಡೆದವು. ತಮ್ಮ ಜಲಾಶಯದ ನೀರು ಬೇರೆಡೆ ಹೋಗುವಾಗ ಆಗುವ ಸಂಕಟ ಏನೆಂಬುದು ನಗರವಾಸಿಗಳಿಗೆ ಆಗ ಅರಿವಾಯಿತು. ಖಾನಾಪುರಕ್ಕೆ ಅದು ಹಳೆಯ ಅನುಭವ.

ಹಣದ ಹರಿವೇ ಬತ್ತಿದಾಗ

ಕಡತ ಸರಿಯಿದ್ದರೂ ಹಣ ಬರುವ ಖಾತರಿಯಿಲ್ಲ. 2024-25ರ ಕೇಂದ್ರ ಬಜೆಟ್‌ನಲ್ಲಿ ಜಲಜೀವನ್ ಮಿಷನ್‌ಗೆ 70 ಸಾವಿರ ಕೋಟಿಗೂ ಹೆಚ್ಚು ತೋರಿಸಲಾಗಿತ್ತು. ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿಯಿತು. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಲಾಯಿತು. ಕೇಂದ್ರದ ಕಂತು ನಿಂತರೆ ರಾಜ್ಯ ತನ್ನ ಬೊಕ್ಕಸದಿಂದ ಮುಂಗಡ ಕೊಡಬೇಕು. ಇಲ್ಲವೇ ಗುತ್ತಿಗೆದಾರ ಅಗೆದ ರಸ್ತೆಯನ್ನು ಹಾಗೆಯೇ ಬಿಟ್ಟು ಹೋಗುತ್ತಾನೆ. ಇಂಥ ವೇಳೆ ಮೊದಲು ಬಾಧಿತವಾಗುವುದು ಪಟ್ಟಿಯ ಕೊನೆಯಲ್ಲಿರುವ ಊರುಗಳು. ಬೇಗ ಅರ್ಜಿ ಹಾಕಿದವರ ಕೆಲಸ ಮುಗಿದಿರುತ್ತದೆ. ತಡವಾದವರ ಕೊಳವೆಯಲ್ಲಿ ಗಾಳಿ ಮಾತ್ರ ಬರುತ್ತದೆ.

ಆಗಬೇಕಾದುದೇನು?

ಮೊದಲನೆಯದಾಗಿ, ಅರ್ಜಿ ಸಿದ್ಧಪಡಿಸುವುದೂ ಒಂದು ಕಾಮಗಾರಿಯೆಂದು ಸರ್ಕಾರ ಒಪ್ಪಬೇಕು. ಖಾನಾಪುರದಂಥ ತಾಲ್ಲೂಕಿಗೆ ಸಮೀಕ್ಷೆ, ಅಂದಾಜು ಮತ್ತು ಅರಣ್ಯ ಅನುಮತಿಯ ಕಡತ ನೋಡಿಕೊಳ್ಳುವ ತಾಂತ್ರಿಕ ತಂಡವನ್ನು ಕಾಯಂ ಆಗಿ ಕೊಡಬೇಕು. ಎರಡನೆಯದಾಗಿ, ಯಾವ ಊರಿನ ಪ್ರಸ್ತಾವನೆ ಎಲ್ಲಿ, ಎಷ್ಟು ದಿನದಿಂದ, ಯಾವ ಆಕ್ಷೇಪಣೆಯಿಂದ ನಿಂತಿದೆ ಎಂಬುದನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಮಾಹಿತಿ ಹಕ್ಕು ಕಾಯ್ದೆ ಬಂದು ಎರಡು ದಶಕ ಕಳೆದ ಮೇಲೂ ಇದನ್ನು ಅರ್ಜಿ ಹಾಕಿ ಕೇಳುವಂತಾಗಬಾರದು. ಮೂರನೆಯದಾಗಿ, ಮನೆಗೆ ನಲ್ಲಿ ಹಾಕುವ ಮುನ್ನ ಮೂಲದಲ್ಲಿ ಮೇ ತಿಂಗಳ ನೀರು ಎಷ್ಟಿದೆಯೆಂದು ಅಳೆಯಬೇಕು. ಜುಲೈನಲ್ಲಿ ತುಂಬಿ ಹರಿಯುವ ಹಳ್ಳವನ್ನು ನೋಡಿ ಬರೆದ ಅಂದಾಜು ಬೇಸಿಗೆಗೆ ನಿಲ್ಲದು.

ಹಳೆಯ ಮೂಲಗಳನ್ನು ಕಡೆಗಣಿಸುವುದೂ ಸರಿಯಲ್ಲ. 1924ರಲ್ಲಿ ಮಹಾತ್ಮ ಗಾಂಧಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರ ದಾಹ ತಣಿಸಲು ತೋಡಿದ ಬಾವಿ ಬೆಳಗಾವಿಯ ಟಿಳಕವಾಡಿಯಲ್ಲಿ ಶತಮಾನ ಕಳೆದರೂ ಇದೆ. ಅಂಥ ಬಾವಿಗಳ ಹೂಳೆತ್ತುವ ಕೆಲಸಕ್ಕೆ ವಿದೇಶಿ ಸಾಲ ಬೇಕಿಲ್ಲ.

ನಗರಕ್ಕೆ ನಿರಂತರ ನೀರು ಬೇಕೆಂಬುದು ನ್ಯಾಯವಾದ ಬೇಡಿಕೆ. ಕಣಕುಂಬಿಯ ಸುತ್ತಲಿನ ಮನೆಗೆ ವರ್ಷದ ಹನ್ನೆರಡೂ ತಿಂಗಳು 55 ಲೀಟರ್ ಬೇಕೆಂಬುದೂ ಅಷ್ಟೇ ನ್ಯಾಯ. ಎರಡರಲ್ಲಿ ಒಂದು ಸುಂದರವಾಗಿ ಬೆರಳಚ್ಚಾಗಿ ಬೆಂಗಳೂರು, ದೆಹಲಿ ತಲುಪುತ್ತದೆ. ಇನ್ನೊಂದು ಪಂಚಾಯಿತಿಯ ಠರಾವು ಪುಸ್ತಕದಲ್ಲೇ ಉಳಿಯುತ್ತದೆ. ಈ ಅಂತರವನ್ನು ಮುಚ್ಚುವ ಹೊಣೆ ಅರ್ಜಿ ಬರೆಯಲಾರದ ಹಳ್ಳಿಗನದ್ದಲ್ಲ, ಅರ್ಜಿಯನ್ನೇ ಮಾನದಂಡ ಮಾಡಿಕೊಂಡಿರುವ ಆಡಳಿತದ್ದು.